ಕಪ್ಪೆ ಭ್ರೂಣದಲ್ಲಿ ಹೊಸ ರಿಸೆಪ್ಟರ್ ಜೀನ್: ಸಿಕ್ಕಿದ್ದು ರಿಸೆಪ್ಟರೇ ಅಂತ ಹೇಗೆ ನಂಬುವುದು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಳ್ಳಾರಿಯಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ ಓದುತ್ತಿದ್ದೇನೆ. ಊರು ಗಂಗಾವತಿ ಹತ್ತಿರ, ನಮ್ಮದು ಭತ್ತದ ಗದ್ದೆ. ಕಪ್ಪೆಯ ಭ್ರೂಣ ಬೆಳೆಯುವ ಮೊದಲ ಹಂತದಲ್ಲಿ, ಜೀವಕೋಶದ ಮೇಲ್ಮೈಯಲ್ಲಿ ಕೆಲಸ ಮಾಡುವ ಹೊಸ ರಿಸೆಪ್ಟರ್ ಜೀನ್ ಒಂದನ್ನು ಗುರುತಿಸಿದ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಪೇಪರ್ ಓದಿದೆ. ಸೀಕ್ವೆನ್ಸ್ ಹೋಲಿಕೆ, ನೇರಳೆ ಬಣ್ಣದ ಭ್ರೂಣಗಳು, ಮಾರ್ಫೊಲಿನೊ, ಎಲ್ಲ ಇದೆ. ಆದರೆ ಅದು ರಿಸೆಪ್ಟರ್ ಅಂತ ಎಲ್ಲಿ ಸಾಬೀತಾಯಿತು ಅನ್ನೋದೇ ತಿಳಿಯಲಿಲ್ಲ. ನಮ್ಮ ಸರ್ "ಅರ್ಧ ಕಂಪ್ಯೂಟರ್ ಊಹೆ ಅಷ್ಟೇ" ಅಂತಾರೆ. ಹೌದಾ? ಆಫ್ರಿಕಾದ ಕಪ್ಪೆಯೇ ಯಾಕೆ ಬೇಕು, ನಮ್ಮ ಗದ್ದೆಯ ಕಪ್ಪೆ ಆಗಲ್ವಾ? ಅಪ್ಪ ಬೇರೆ "ಕಪ್ಪಿ ತತ್ತಿ ನೋಡಿ ಏನ್ ಬರ್ತದವ್ವಾ?" ಅಂತ ಕೇಳ್ತಾರೆ. ಅವರಿಗೂ ಒಂದು ಉತ್ತರ ಕೊಡಿ.

ಉತ್ತರ: ನಿಮ್ಮ ಸರ್ ಹೇಳಿದ್ದು ಅರ್ಧ ಸರಿ. ಊಹೆ ಇದ್ದೇ ಇರುತ್ತದೆ. ಆದರೆ ಊಹೆಯಲ್ಲೇ ನಿಂತ ಪೇಪರ್ ಯಾವುದು, ಅದನ್ನು ದಾಟಿದ ಪೇಪರ್ ಯಾವುದು ಅಂತ ಓದುವವರು ಗುರುತಿಸಬಹುದು. "ಹೊಸ ಮೇಲ್ಮೈ ರಿಸೆಪ್ಟರ್ ಜೀನ್" ಅಂತ ಶೀರ್ಷಿಕೆ ಇದ್ದರೆ ಅದರೊಳಗೆ ಮೂರು ಮಾತು ಸೇರಿಕೊಂಡಿವೆ. ಈ ಜೀನ್ ಹೊಸದು. ಇದರ ಪ್ರೋಟೀನ್ ಕೋಶದ ಮೇಲ್ಮೈಯಲ್ಲಿ ಕೂರುತ್ತದೆ. ಅದು ಹೊರಗಿನ ಯಾವುದನ್ನೋ ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ. ಈ ಮೂರಕ್ಕೂ ಬೇರೆ ಬೇರೆ ಸಾಕ್ಷಿ ಬೇಕು. ಮೊದಲನೆಯದಕ್ಕೆ ಇವತ್ತು ಒಂದು ಮಧ್ಯಾಹ್ನ ಸಾಕು. ಕೊನೆಯದಕ್ಕೆ ಇಪ್ಪತ್ತು ವರ್ಷ ಹಿಡಿದ ಉದಾಹರಣೆಯೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಪ್ಪೆಯ ವಿಷಯ ಸ್ವಲ್ಪ ನೋಡೋಣ. ಈ ಕೆಲಸಕ್ಕೆ ಬಳಸುವುದು ಜೆನೋಪಸ್ ಲೇವಿಸ್, ದಕ್ಷಿಣ ಆಫ್ರಿಕಾ ಕಡೆಯ ನೀರುಗಪ್ಪೆ. 1930ರ ದಶಕದಿಂದ ಇದನ್ನು ಗರ್ಭ ಪರೀಕ್ಷೆಗೆ ಬಳಸುತ್ತಿದ್ದರು. ಹೆಂಗಸಿನ ಮೂತ್ರದಿಂದ ತಯಾರಿಸಿದ್ದನ್ನು ಹೆಣ್ಣು ಕಪ್ಪೆಗೆ ಚುಚ್ಚುತ್ತಿದ್ದರು. ಒಂದು ದಿನದೊಳಗೆ ಕಪ್ಪೆ ಮೊಟ್ಟೆ ಇಟ್ಟರೆ ಆಕೆ ಗರ್ಭಿಣಿ. ಕೆಲಸ ಮಾಡುತ್ತಿದ್ದುದು ಮೂತ್ರದಲ್ಲಿದ್ದ ಎಚ್‌ಸಿಜಿ ಹಾರ್ಮೋನು. ಇಂದಿಗೂ ಪ್ರಯೋಗಾಲಯದಲ್ಲಿ ಅದೇ ಹಾರ್ಮೋನು ಚುಚ್ಚಿ, ಬೇಕಾದ ತಿಂಗಳಲ್ಲಿ ನೂರಾರು ಮೊಟ್ಟೆ ಪಡೆಯುತ್ತಾರೆ. ಮಳೆಗಾಲಕ್ಕೆ ಕಾಯಬೇಕಿಲ್ಲ. ಮೊಟ್ಟೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು, ಸೂಜಿ ಚುಚ್ಚಿದರೂ ತಡೆದುಕೊಳ್ಳುತ್ತದೆ. ಭ್ರೂಣ ತಾಯಿಯ ಹೊರಗೆ, ನಮ್ಮ ಕಣ್ಣೆದುರೇ ಬೆಳೆಯುತ್ತದೆ. ಜಾನ್ ಗರ್ಡನ್ ಅವರಿಗೆ 2012ರಲ್ಲಿ ನೊಬೆಲ್ ತಂದುಕೊಟ್ಟದ್ದೂ ಇದೇ ಕಪ್ಪೆಯ ಮೊಟ್ಟೆ.

ಈಗ ಜೀನ್ ಹುಡುಕುವ ದಾರಿಗಳು. ಹಳೆಯ ದಾರಿ ಹೋಲಿಕೆಯದು. ನೊಣದಲ್ಲೋ ಇಲಿಯಲ್ಲೋ ಗೊತ್ತಿರುವ ರಿಸೆಪ್ಟರಿನ ಸೀಕ್ವೆನ್ಸ್ ತೆಗೆದುಕೊಂಡು, ಎಲ್ಲ ಪ್ರಾಣಿಗಳಲ್ಲೂ ಬದಲಾಗದೆ ಉಳಿದ ಭಾಗಕ್ಕೆ ಪ್ರೈಮರ್ ಅನ್ನುವ ಚಿಕ್ಕ ಡಿಎನ್‌ಎ ತುಣುಕು ಮಾಡಿ, ಕಪ್ಪೆ ಭ್ರೂಣದ ಆರ್‌ಎನ್‌ಎಯಿಂದ ನಕಲು ಮಾಡಿದ ಸಿಡಿಎನ್‌ಎ ಮೇಲೆ ಪಿಸಿಆರ್ ನಡೆಸಿ ಅಂಥ ಜೀನಿನ ಪ್ರತಿಗಳನ್ನು ಹೆಚ್ಚಿಸುವುದು. ಈಗ ಅದನ್ನೇ ಜೀನೋಮ್ ಮೇಲೆ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಹೀಗೆ ಮಾಡಿದರೆ ಸಿಗುವುದು ಹಳೆಯ ಕುಟುಂಬದ ಹೊಸ ಸದಸ್ಯರು ಮಾತ್ರ. ಯಾರನ್ನೂ ಹೋಲದ ರಿಸೆಪ್ಟರ್ ಈ ಬಲೆಗೆ ಬೀಳುವುದಿಲ್ಲ.

ನನಗೆ ಹೆಚ್ಚು ಇಷ್ಟವಾದ ದಾರಿ, ಕೆಲಸ ನೋಡಿ ಜೀನ್ ಹಿಡಿಯುವುದು. ಭ್ರೂಣದ ಎಲ್ಲ ಎಂಆರ್‌ಎನ್‌ಎಗಳಿಂದ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ನಕಲುಗಳು) ಒಂದು ಲೈಬ್ರರಿ, ಅಂದರೆ ಸಂಗ್ರಹ ಮಾಡಿ, ಅದನ್ನು ಗುಂಪು ಗುಂಪಾಗಿ ಒಡೆದು, ಒಂದೊಂದು ಗುಂಪಿನ ಆರ್‌ಎನ್‌ಎಯನ್ನು ಮೊಟ್ಟೆಗೆ ಚುಚ್ಚಿ, ಏನಾಗುತ್ತದೆ ಅಂತ ನೋಡುತ್ತಾರೆ. ಪರಿಣಾಮ ಕಂಡ ಗುಂಪನ್ನು ಮತ್ತೆ ಒಡೆಯುತ್ತಾರೆ. ಕೊನೆಗೆ ಒಂದೇ ಜೀನ್ ಉಳಿಯುತ್ತದೆ. 1992ರಲ್ಲಿ ನಾಗಿನ್ ಅನ್ನುವ ಜೀನ್ ಸಿಕ್ಕಿದ್ದು ಹೀಗೆ. ಅದು ರಿಸೆಪ್ಟರ್ ಅಲ್ಲ, ಕೋಶದಿಂದ ಹೊರಗೆ ಬರುವ ಪ್ರೋಟೀನ್. ಆದರೆ ವಿಧಾನ ಅರ್ಥವಾಗಲು ಒಳ್ಳೆಯ ಉದಾಹರಣೆ. ಹೋಲಿಕೆಯ ಹಂಗಿಲ್ಲದೆ, ಭ್ರೂಣವೇ ಆರಿಸಿಕೊಟ್ಟ ಜೀನ್ ಅದು.

ಮೂರನೆಯದು, ಲಿಗ್ಯಾಂಡ್ (ರಿಸೆಪ್ಟರಿಗೆ ಬಂದು ಅಂಟುವ ಹೊರಗಿನ ಅಣು) ಹಿಡಿದು ರಿಸೆಪ್ಟರ್ ಹುಡುಕುವುದು. ಹೊರಗಿನ ಸುದ್ದಿ ಯಾವುದು ಅಂತ ಮೊದಲೇ ಗೊತ್ತಿದೆ, ಹಿಡಿಯುವವರು ಯಾರು ಅಂತ ಗೊತ್ತಿಲ್ಲ ಅಂದುಕೊಳ್ಳಿ. ಆ ಲಿಗ್ಯಾಂಡಿಗೆ ಬಣ್ಣ ಬರಿಸುವ ಕಿಣ್ವವೊಂದನ್ನು ಜೋಡಿಸುತ್ತಾರೆ. ಲೈಬ್ರರಿಯ ಜೀನ್‌ಗಳನ್ನು ಕೋಶಗಳಿಗೆ ಹಾಕುತ್ತಾರೆ. ಯಾವ ಕೋಶಕ್ಕೆ ಬಣ್ಣ ಅಂಟಿತೋ ಅದರಲ್ಲಿ ರಿಸೆಪ್ಟರ್ ಇದೆ. ಡಿಕ್‌ಕಾಫ್ ಅನ್ನುವ, ತಲೆ ಮೂಡಿಸುವ ಪ್ರೋಟೀನಿಗೆ ಕ್ರೆಮೆನ್ ಅನ್ನುವ ಜೊತೆಗಾರ 2002ರಲ್ಲಿ ಸಿಕ್ಕಿದ್ದು ಇಂಥ ಹುಡುಕಾಟದಿಂದ. ಇಲ್ಲಿ ಕಟ್ಟಿಕೊಳ್ಳುವ ಸಾಕ್ಷಿ ಮೊದಲ ದಿನವೇ ಕೈಯಲ್ಲಿರುತ್ತದೆ. ನಿಮ್ಮ ಪೇಪರ್ ಇವುಗಳಲ್ಲಿ ಯಾವ ದಾರಿಯಲ್ಲಿ ಹೊರಟಿದೆ ಅಂತ ಮೊದಲು ನೋಡಿ. ನೀವು ಹೇಳಿದ ರೀತಿ ನೋಡಿದರೆ ಮೊದಲನೆಯದು ಅನ್ನಿಸುತ್ತದೆ.

"ಹೊಸದು" ಅನ್ನುವ ಮಾತಿಗೆ ಬರೋಣ. ಜೆನೋಪಸ್ ಲೇವಿಸ್‌ನಲ್ಲಿ ಒಂದು ತೊಡಕಿದೆ. ಬಹಳ ಹಿಂದೆ ಎರಡು ಬೇರೆ ಜಾತಿಯ ಕಪ್ಪೆಗಳ ಜೀನೋಮ್ ಸೇರಿ ಹುಟ್ಟಿದ ಜಾತಿ ಇದು. ಕ್ರೋಮೋಸೋಮ್ 36. ಹತ್ತಿರದ ಸಂಬಂಧಿ ಜೆನೋಪಸ್ ಟ್ರಾಪಿಕಾಲಿಸ್‌ಗೆ 20. ಹಾಗಾಗಿ ಲೇವಿಸ್‌ನ ಅರ್ಧಕ್ಕಿಂತ ಜಾಸ್ತಿ ಜೀನ್‌ಗಳು ಎರಡೆರಡು ಪ್ರತಿ ಇವೆ. ಒಂದಕ್ಕೆ ಎಲ್ ಅಂತ, ಇನ್ನೊಂದಕ್ಕೆ ಎಸ್ ಅಂತ ಗುರುತು. ಟ್ರಾಪಿಕಾಲಿಸ್ ಜೀನೋಮ್ 2010ರಲ್ಲಿ ಬಂತು, ಲೇವಿಸ್‌ದು 2016ರಲ್ಲಿ. ಅದಕ್ಕೂ ಮುಂಚಿನ ಪೇಪರಿನಲ್ಲಿ "ಎರಡು ಹೊಸ ಜೀನ್" ಅಂತ ಓದಿದರೆ, ಅವು ಒಂದೇ ಜೀನಿನ ಎರಡು ಪ್ರತಿ ಆಗಿರಬಹುದು, ಗಮನ ಇರಲಿ. ಜೆನ್‌ಬೇಸ್ ಅನ್ನುವ ಉಚಿತ ಡೇಟಾಬೇಸಿನಲ್ಲಿ ನಿಮ್ಮ ಜೀನಿನ ಹೆಸರು ಹಾಕಿ ನೋಡಿ. ಇಂದು ಅದಕ್ಕೆ ಬೇರೆಯೇ ಹೆಸರು ಇರುವ ಸಾಧ್ಯತೆ ಜಾಸ್ತಿ.

ಮೇಲ್ಮೈಯಲ್ಲಿದೆ ಅನ್ನುವುದಕ್ಕೆ ಎಲ್ಲರೂ ಮೊದಲು ತೋರಿಸುವುದು ಸೀಕ್ವೆನ್ಸ್. ಪ್ರೋಟೀನಿನ ಆರಂಭದಲ್ಲಿ ಹದಿನೈದರಿಂದ ಮೂವತ್ತು ಅಮೈನೋ ಆಮ್ಲಗಳ ಸಿಗ್ನಲ್ ಪೆಪ್ಟೈಡ್, ಅಂದರೆ ಪ್ರೋಟೀನನ್ನು ಪೊರೆಗೆ ಅಥವಾ ಹೊರಗೆ ಕಳಿಸುವ ವಿಳಾಸಚೀಟಿ. ನಡುವೆ ಎಲ್ಲೋ ನೀರನ್ನು ದೂರವಿಡುವ ಸುಮಾರು ಇಪ್ಪತ್ತು ಅಮೈನೋ ಆಮ್ಲಗಳ ಸಾಲು. ಆ ಸಾಲು ಪೊರೆಯನ್ನು ದಾಟುವ ಭಾಗ. ಕೆಲವು ರಿಸೆಪ್ಟರ್‌ಗಳಲ್ಲಿ ಇಂಥ ಸಾಲು ಒಂದು, ಜಿ ಪ್ರೋಟೀನ್ ರಿಸೆಪ್ಟರ್‌ಗಳಲ್ಲಿ ಏಳು. ಇದನ್ನೆಲ್ಲ ಸಾಫ್ಟ್‌ವೇರ್ ಹೇಳುತ್ತದೆ, ಮತ್ತು ನಿಮ್ಮ ಸರ್ ಊಹೆ ಅಂದದ್ದು ಇದನ್ನೇ. ಸಿಗ್ನಲ್ ಪೆಪ್ಟೈಡ್ ಕೂಡ ನೀರು ಬೇಡದ ಸಾಲೇ ಆದ್ದರಿಂದ, ಸಾಫ್ಟ್‌ವೇರ್ ಅದನ್ನೇ ಪೊರೆ ದಾಟುವ ಭಾಗ ಅಂತ ಎಣಿಸುವುದುಂಟು. ಅಲ್ಲದೆ ಕೋಶದ ಒಳಗೂ ಪೊರೆಗಳಿವೆ ಅಲ್ವಾ? ಪೊರೆಯಲ್ಲಿದೆ ಅಂದ ಮಾತ್ರಕ್ಕೆ ಹೊರಗಿನ ಪೊರೆಯಲ್ಲೇ ಇರಬೇಕು ಅಂತಿಲ್ಲ.

ಹಾಗಾದರೆ ಗಟ್ಟಿ ಸಾಕ್ಷಿ ಯಾವುದು? ಪ್ರೋಟೀನಿಗೆ ಒಂದು ಟ್ಯಾಗ್ (ಗುರುತಿನ ಚಿಕ್ಕ ತುಣುಕು) ಅಂಟಿಸಿ, ಕೋಶದ ಪೊರೆಗೆ ತೂತು ಮಾಡದೆ, ಆ ಟ್ಯಾಗನ್ನು ಹಿಡಿದು ಬಣ್ಣ ತೋರಿಸುವ ಆಂಟಿಬಾಡಿ ಹಾಕಬೇಕು. ಆಗಲೂ ಬಣ್ಣ ಬಂದರೆ ಟ್ಯಾಗ್ ಹೊರಗಡೆ ಇದೆ ಅಂತ ಅರ್ಥ. ಟ್ಯಾಗ್ ಎಲ್ಲಿ ಇಟ್ಟಿದ್ದಾರೆ ಅನ್ನೋದನ್ನು ಬಿಡದೆ ನೋಡಿ. ಸಿಗ್ನಲ್ ಪೆಪ್ಟೈಡ್ ಕತ್ತರಿಸಿ ಹೋಗುತ್ತದೆ, ಅದರ ಮುಂದೆ ಟ್ಯಾಗ್ ಇಟ್ಟರೆ ಅದೂ ಹೋಯಿತು. ಅದರ ನಂತರ ಇಡಬೇಕು. ಇನ್ನೊಂದು ದಾರಿ ಪೊರೆ ದಾಟಲಾರದ ಬಯೊಟಿನ್. ಅದು ಹೊರಗೆ ಕಾಣುವ ಪ್ರೋಟೀನಿಗೆ ಮಾತ್ರ ಅಂಟುತ್ತದೆ. ಬರೀ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೋಡಿಸಿ ಹಸಿರು ಅಂಚು ತೋರಿಸಿದರೆ ನನಗೆ ಅಷ್ಟು ತೃಪ್ತಿ ಇಲ್ಲ. ಆರ್‌ಎನ್‌ಎ ಜಾಸ್ತಿ ಚುಚ್ಚಿದಾಗ ಪ್ರೋಟೀನ್ ಕೋಶದೊಳಗೇ ಸಿಕ್ಕಿಹಾಕಿಕೊಳ್ಳುವುದು ಮಾಮೂಲಿ.

ಎಲ್ಲಿ, ಯಾವಾಗ ಅನ್ನುವುದಕ್ಕೆ ಉತ್ತರ ನಿಮ್ಮ ನೇರಳೆ ಭ್ರೂಣಗಳಲ್ಲಿದೆ. ಮೊಟ್ಟೆ ಫಲಿತವಾಗಿ ಸುಮಾರು ಒಂದೂವರೆ ಗಂಟೆಗೆ ಮೊದಲ ವಿಭಜನೆ. ಆಮೇಲೆ ಅರ್ಧ ಗಂಟೆಗೊಂದು. ಹನ್ನೆರಡು ವಿಭಜನೆ ಮುಗಿದು ನಾಲ್ಕು ಸಾವಿರದಷ್ಟು ಕೋಶ ಆಗುವವರೆಗೆ ಭ್ರೂಣ ಬಹುಮಟ್ಟಿಗೆ ತಾಯಿ ತುಂಬಿಟ್ಟ ಎಂಆರ್‌ಎನ್‌ಎ ಮೇಲೆಯೇ ನಡೆಯುತ್ತದೆ. ಅದರ ನಂತರ ಅದರದೇ ಜೀನ್‌ಗಳು ಜೋರಾಗಿ ಕೆಲಸಕ್ಕೆ ಇಳಿಯುತ್ತವೆ. 1982ರಲ್ಲಿ ನ್ಯೂಪೋರ್ಟ್ ಮತ್ತು ಕಿರ್ಷ್ನರ್ ಇದನ್ನು ವಿವರವಾಗಿ ತೋರಿಸಿದರು. ನಿಮ್ಮ ಜೀನ್ ಆ ಗೆರೆಯ ಈಚೆಯದೋ ಆಚೆಯದೋ? ಯಾವ ಹಂತದಲ್ಲಿ ಎಂಆರ್‌ಎನ್‌ಎ ಇದೆ ಅಂತ ತೋರಿಸುವ, ಪೇಪರಿನ ಆರ್‌ಟಿ-ಪಿಸಿಆರ್ ಚಿತ್ರದಲ್ಲಿ ಮೊಟ್ಟೆಯ ಸಾಲಿನಲ್ಲೇ ಪಟ್ಟಿ ಕಂಡರೆ ಅದು ತಾಯಿ ಕೊಟ್ಟದ್ದು. ಇದು ಮುಂದೆ ದೊಡ್ಡ ವಿಷಯ ಆಗುತ್ತದೆ.

ಆ ನೇರಳೆ ಬಣ್ಣ ಬರುವುದು ಇನ್ ಸಿಟು ಹೈಬ್ರಿಡೈಸೇಶನ್‌ನಿಂದ. ಪ್ರೋಬ್ ಅನ್ನುವ ಎಳೆ ಜೀನಿನ ಎಂಆರ್‌ಎನ್‌ಎಗೆ ಅಂಟಿ, ಅದು ಇರುವ ಜಾಗದಲ್ಲಿ ಬಣ್ಣ ತೋರಿಸುತ್ತದೆ. ಈ ಚಿತ್ರಗಳು ನೋಡಲು ಚೆಂದ, ಮೋಸವನ್ನೂ ಮಾಡುತ್ತವೆ. ಕಪ್ಪೆ ಭ್ರೂಣದ ತುಂಬ ಹಳದಿ ಲೋಳೆಯ ಕಣಗಳು, ಒಳಗೆ ಬಂದ ಬಣ್ಣ ಹೊರಗೆ ಕಾಣುವುದಿಲ್ಲ. ಆದ್ದರಿಂದ ಬ್ಲಾಸ್ಟುಲಾ (ಟೊಳ್ಳು ಚೆಂಡಿನಂತಿರುವಾಗ), ಗ್ಯಾಸ್ಟ್ರುಲಾ (ಕೋಶಗಳು ಒಳಕ್ಕೆ ಸರಿದು ಪದರಗಳಾಗುವಾಗ) ಹಂತದಲ್ಲಿ ಭ್ರೂಣವನ್ನು ಎರಡು ಹೋಳು ಮಾಡಿ ನೋಡಬೇಕು. ಒಳಗಿನ ಟೊಳ್ಳಿನಲ್ಲಿ ಪ್ರೋಬ್ ಸುಮ್ನೆ ನಿಂತು ಬಣ್ಣ ತೋರಿಸುವುದೂ ಉಂಟು. ಎಂಆರ್‌ಎನ್‌ಎಗೆ ಅಂಟಲಾರದ ಸೆನ್ಸ್ ಪ್ರೋಬ್ ಹಾಕಿದ ಭ್ರೂಣ ಪಕ್ಕದಲ್ಲಿ ಬಿಳಿಯಾಗಿ ಕಾಣದಿದ್ದರೆ ಆ ಚಿತ್ರವನ್ನು ನಂಬಬೇಡಿ.

ಈಗ ಕೆಲಸದ ಪರೀಕ್ಷೆ. ಇಲ್ಲಿ ಕಪ್ಪೆ ಭ್ರೂಣದಷ್ಟು ಅನುಕೂಲ ಬೇರೆಲ್ಲೂ ಇಲ್ಲ ಅಂತ ನನ್ನ ಅಭಿಪ್ರಾಯ. ಬ್ಲಾಸ್ಟುಲಾದ ಮೇಲಿನ ತುದಿಯನ್ನು ಕತ್ತರಿಸಿ ಉಪ್ಪುನೀರಿನ ದ್ರಾವಣದಲ್ಲಿ ಇಟ್ಟರೆ ಅದು ಬರೀ ಚರ್ಮದಂಥ ಉಂಡೆ ಆಗುತ್ತದೆ. ಅದಕ್ಕೆ ಆಕ್ಟಿವಿನ್ ಅನ್ನುವ ಸಿಗ್ನಲ್ ಪ್ರೋಟೀನ್ ಕೊಟ್ಟರೆ ಉದ್ದಕ್ಕೆ ಎಳೆದುಕೊಂಡು ಮೀಸೊಡರ್ಮ್ (ಸ್ನಾಯು, ರಕ್ತ ಆಗುವ ನಡುವಿನ ಪದರ) ಆಗುತ್ತದೆ. ನಾಗಿನ್ ಕೊಟ್ಟರೆ ನರದ ಅಂಗಾಂಶ. ಇದಕ್ಕೆ ಅನಿಮಲ್ ಕ್ಯಾಪ್ ಪರೀಕ್ಷೆ ಅಂತ ಹೆಸರು. ಹೊಸ ರಿಸೆಪ್ಟರಿನ ಆರ್‌ಎನ್‌ಎ ಚುಚ್ಚಿದ ಕ್ಯಾಪ್, ಚುಚ್ಚದ ಕ್ಯಾಪಿಗಿಂತ ಕಡಿಮೆ ಲಿಗ್ಯಾಂಡಿಗೇ ಓಗೊಟ್ಟರೆ, ಅದು ಒಳ್ಳೆಯ ಸಾಕ್ಷಿ.

ಜೀನನ್ನು ಕಟ್ಟಿಹಾಕುವ ಹಳೆಯ ಉಪಾಯ ಮೊಂಡು ರಿಸೆಪ್ಟರ್. ಹೊರಗಿನ ಭಾಗ ಉಳಿಸಿ, ಒಳಗೆ ಸುದ್ದಿ ಮುಟ್ಟಿಸುವ ಕೈನೇಸ್ ಭಾಗ ಕತ್ತರಿಸಿ ಚುಚ್ಚುವುದು. ಅದು ನಿಜವಾದ ರಿಸೆಪ್ಟರ್ ಜೊತೆ ಸೇರಿ ಕೆಲಸ ಕೆಡಿಸುತ್ತದೆ. 1991ರಲ್ಲಿ ಎಫ್‌ಜಿಎಫ್ ಅನ್ನುವ ಬೆಳವಣಿಗೆ ಸಿಗ್ನಲಿನ ರಿಸೆಪ್ಟರನ್ನು ಹೀಗೆ ಮೊಂಡು ಮಾಡಿ ಚುಚ್ಚಿದಾಗ, ಗೊದಮೊಟ್ಟೆಗೆ ತಲೆ ಬಂತು, ಮುಂಡ ಮತ್ತು ಬಾಲ ಸರಿಯಾಗಿ ಬೆಳೆಯಲಿಲ್ಲ. ಮರುವರ್ಷ ಹೆಮ್ಮತಿ-ಬ್ರಿವಾನ್ಲೂ ಮತ್ತು ಮೆಲ್ಟನ್ ಆಕ್ಟಿವಿನ್ ರಿಸೆಪ್ಟರಿಗೆ ಅದನ್ನೇ ಮಾಡಿದರು, ಮೀಸೊಡರ್ಮೇ ಆಗಲಿಲ್ಲ. ಭ್ರೂಣದಲ್ಲಿ ಮೀಸೊಡರ್ಮ್ ಮಾಡುವುದು ಆಕ್ಟಿವಿನ್ ಅಂತ ತೀರ್ಮಾನಿಸುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆ ಮೊಂಡು ರಿಸೆಪ್ಟರ್ ವಿಜಿ1, ಬಿಎಂಪಿ ಸಿಗ್ನಲ್‌ಗಳನ್ನೂ ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಭ್ರೂಣದಲ್ಲಿ ಮುಖ್ಯ ಪಾತ್ರ ನೋಡಲ್ ಅನ್ನುವ ಸಿಗ್ನಲ್ ಕುಟುಂಬದ್ದು ಅಂತಲೂ ಹೊರಬಂತು. ಅಂದರೆ ಪ್ರಯೋಗ ಸರಿ, ಬೆರಳು ತೋರಿಸಿದ ಲಿಗ್ಯಾಂಡ್ ಮಾತ್ರ ಬೇರೆ.

ನಿಮ್ಮ ಪೇಪರಿನ ಮಾರ್ಫೊಲಿನೊ ಇನ್ನೊಂದು ಉಪಾಯ. 25 ಅಕ್ಷರದಷ್ಟು ಉದ್ದದ ಕೃತಕ ಎಳೆ, ಎಂಆರ್‌ಎನ್‌ಎಗೆ ಅಂಟಿ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಇದರಲ್ಲಿ ಎರಡು ಸಂಗತಿ ನೋಡಿ. ತಾಯಿ ಮೊಟ್ಟೆಯಲ್ಲಿ ಮೊದಲೇ ಪ್ರೋಟೀನನ್ನೇ ಇಟ್ಟಿದ್ದರೆ ಮಾರ್ಫೊಲಿನೊ ಅದನ್ನು ತೆಗೆಯಲಾರದು. ಜೀನ್ ಕತ್ತರಿಸುವ ಕ್ರಿಸ್ಪರ್ ಕೂಡ ಅಷ್ಟೇ, ಫಲಿತ ಮೊಟ್ಟೆಯ ಡಿಎನ್‌ಎ ಕತ್ತರಿಸಿದರೆ ತಾಯಿಯ ಎಂಆರ್‌ಎನ್‌ಎ ಹಾಗೇ ಉಳಿಯುತ್ತದೆ. "ಏನೂ ಆಗಲಿಲ್ಲ" ಅಂದರೆ "ಜೀನ್ ಬೇಡ" ಅಂತ ಅರ್ಥವಲ್ಲ. ಇನ್ನೊಂದು, ಅಡ್ಡ ಪರಿಣಾಮ. 2018ರಲ್ಲಿ ಟ್ರಾಪಿಕಾಲಿಸ್ ಭ್ರೂಣಗಳಲ್ಲಿ ಮಾರ್ಫೊಲಿನೊ ರೋಗನಿರೋಧಕ ಪ್ರತಿಕ್ರಿಯೆ ಎಬ್ಬಿಸುತ್ತದೆ, ಬೇರೆ ಜೀನ್‌ಗಳ ಸ್ಪ್ಲೈಸಿಂಗ್ (ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಕೆಲಸ) ಕೂಡ ಕೆಡಿಸುತ್ತದೆ ಅಂತ ತೋರಿಸಿದರು. ಆದ್ದರಿಂದ ರೆಸ್ಕ್ಯೂ ಬೇಕೇ ಬೇಕು. ಮಾರ್ಫೊಲಿನೊ ಅಂಟದ ಹಾಗೆ ಬದಲಿಸಿದ ಅದೇ ಜೀನಿನ ಆರ್‌ಎನ್‌ಎಯನ್ನು ಜೊತೆಗೆ ಚುಚ್ಚಿದಾಗ ಭ್ರೂಣ ಸರಿಹೋಗಬೇಕು. ರೆಸ್ಕ್ಯೂ ಇಲ್ಲದ ಪೇಪರನ್ನು ನಾನು ಅರ್ಧ ಓದಿ ಬದಿಗಿಡುತ್ತೇನೆ. ಸ್ವಲ್ಪ ಕಟು ಅನ್ನಿಸಬಹುದು, ಇರಲಿ.

ಇಷ್ಟೆಲ್ಲ ಆದರೂ ಅದು ರಿಸೆಪ್ಟರ್ ಅಂತ ಆಯಿತಾ? ಇಲ್ಲ. ಭ್ರೂಣಕ್ಕೆ ಆ ಜೀನ್ ಬೇಕು ಅಂತ ಮಾತ್ರ ಆಯಿತು. ಕಪ್ಪೆಯ ಇತಿಹಾಸದಲ್ಲೇ ಇದಕ್ಕೆ ಚೆಂದದ ಉದಾಹರಣೆಗಳಿವೆ. ವಿಂಟ್ ಸಿಗ್ನಲ್ ಹಿಡಿಯುವ ಫ್ರಿಜಲ್ಡ್ ರಿಸೆಪ್ಟರಿನ ಹೊರಭಾಗವನ್ನೇ ಹೋಲುವ ಫ್ರಿಜ್‌ಬಿ ಅನ್ನುವ ಪ್ರೋಟೀನ್ ಇದೆ. ಬರೀ ಹೋಲಿಕೆ ನೋಡಿದರೆ ರಿಸೆಪ್ಟರ್ ಅನ್ನಬೇಕು. ಆದರೆ ಅದಕ್ಕೆ ಪೊರೆ ದಾಟುವ ಭಾಗವೇ ಇಲ್ಲ. ಕೋಶದಿಂದ ಹೊರಗೆ ಬಂದು, ವಿಂಟನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. 1997ರಲ್ಲಿ ಜೆನೋಪಸ್ ಭ್ರೂಣದಲ್ಲಿ ಇದನ್ನು ತೋರಿಸಿದರು.

1999ರಲ್ಲಿ ಬಂದ ಬಾಂಬಿ ಅನ್ನುವ ಪ್ರೋಟೀನ್ ಇನ್ನೂ ಮಜಾ. ಅದು ಪೊರೆಯಲ್ಲೇ ಇದೆ. ಆಕ್ಟಿವಿನ್, ಬಿಎಂಪಿ ಸೇರಿದ ಟಿಜಿಎಫ್-ಬೀಟಾ ಕುಟುಂಬದ ರಿಸೆಪ್ಟರ್ ಥರ ಕಾಣುತ್ತದೆ. ಬಿಎಂಪಿ4 ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇದೂ ಇದೆ. ಆದರೆ ಒಳಗೆ ಕೈನೇಸ್ ಇಲ್ಲ. ಗೋಡೆ ಮೇಲೆ ಸ್ವಿಚ್ ಇದೆ, ಹಿಂದೆ ವೈರ್ ಇಲ್ಲ. ನಿಜವಾದ ರಿಸೆಪ್ಟರ್‌ಗಳ ನಡುವೆ ಸೇರಿಕೊಂಡು ಸಿಗ್ನಲ್ ತಗ್ಗಿಸುವುದೇ ಅದರ ಕೆಲಸ. ಮೇಲೆ ಹೇಳಿದ ಕ್ರೆಮೆನ್ ಕೂಡ ಲಿಗ್ಯಾಂಡ್ ಹಿಡಿಯುತ್ತದೆ ನಿಜ. ಆದರೆ ಹಿಡಿದು ಮಾಡುವುದು ಎಲ್‌ಆರ್‌ಪಿ6 ಅನ್ನುವ ಇನ್ನೊಂದು ರಿಸೆಪ್ಟರನ್ನು ಮೇಲ್ಮೈಯಿಂದ ಒಳಕ್ಕೆ ಎಳೆದುಹಾಕುವ ಕೆಲಸ.

ಇಪ್ಪತ್ತು ವರ್ಷದ ಕತೆ ಅಂದೆನಲ್ಲ, ಅದು ಎಪಿಜೆ ರಿಸೆಪ್ಟರಿನದು. 1993ರಲ್ಲಿ ಮನುಷ್ಯರಲ್ಲಿ ಈ ಜೀನ್ ಸಿಕ್ಕಿತು. ಏಳು ಸಲ ಪೊರೆ ದಾಟುವ ರಿಸೆಪ್ಟರ್, ಆಂಜಿಯೊಟೆನ್ಸಿನ್ (ರಕ್ತದೊತ್ತಡದ ಹಾರ್ಮೋನು) ರಿಸೆಪ್ಟರಿಗೆ ತುಂಬ ಹೋಲಿಕೆ. ಆದರೆ ಆಂಜಿಯೊಟೆನ್ಸಿನ್ ಕೊಟ್ಟರೆ ಅದು ಹಿಡಿಯಲೇ ಇಲ್ಲ. ಹಿಡಿಯುವುದು ಯಾವುದನ್ನು ಅಂತ ಗೊತ್ತಿಲ್ಲದ ಇಂಥವಕ್ಕೆ ಅನಾಥ ರಿಸೆಪ್ಟರ್ ಅಂತ ಕರೆಯುತ್ತಾರೆ. 1996ರಲ್ಲಿ ಅದರ ಕಪ್ಪೆ ರೂಪ ಜೆನೋಪಸ್ ಭ್ರೂಣದಲ್ಲಿ ಸಿಕ್ಕಿತು. ರಕ್ತನಾಳ ಕಟ್ಟುವ ಕೋಶಗಳಲ್ಲಿ ಅದು ಕಾಣಿಸಿತು, ಆಗ ಅದಕ್ಕೆ ಕೊಟ್ಟ ಹೆಸರು ಎಕ್ಸ್-ಎಂಎಸ್‌ಆರ್. ಆಗಲೂ ಲಿಗ್ಯಾಂಡ್ ಗೊತ್ತಿಲ್ಲ. 1998ರಲ್ಲಿ ಜಪಾನಿನ ತಂಡವೊಂದು ದನದ ಹೊಟ್ಟೆಯ ಸಾರದಿಂದ ಎಪೆಲಿನ್ ಅನ್ನುವ ಪೆಪ್ಟೈಡ್ ತೆಗೆಯಿತು. ಅನಾಥಕ್ಕೆ ತಾಯಿ ಸಿಕ್ಕಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಜೀಬ್ರಾಫಿಶ್ ಭ್ರೂಣದಲ್ಲಿ ಲೆಕ್ಕ ಹೊಂದಲಿಲ್ಲ. ರಿಸೆಪ್ಟರ್ ಇಲ್ಲದ ಮರಿಗೆ ಹೃದಯ ಸರಿಯಾಗಿ ಆಗುತ್ತಿರಲಿಲ್ಲ. ರಿಸೆಪ್ಟರ್ ಕೆಲಸ ಮಾಡಬೇಕಾದ ಗ್ಯಾಸ್ಟ್ರುಲಾ ಹೊತ್ತಿಗೆ ಎಪೆಲಿನ್ ಮಾತ್ರ ಅಲ್ಲಿ ಇರಲೇ ಇಲ್ಲ. 2013-14ರಲ್ಲಿ ಎರಡು ತಂಡಗಳು ಎಲಾಬೆಲಾ ಅಥವಾ ಟಾಡ್ಲರ್ ಅನ್ನುವ ಪುಟ್ಟ ಹಾರ್ಮೋನು ಕಂಡುಹಿಡಿದ ಮೇಲೆ ಗಂಟು ಬಿಚ್ಚಿತು. ಬರೀ ಐವತ್ತು ಚಿಲ್ಲರೆ ಅಮೈನೋ ಆಮ್ಲ. ಅದರ ಆರ್‌ಎನ್‌ಎಯನ್ನು ಅಲ್ಲಿಯವರೆಗೆ ಪ್ರೋಟೀನೇ ಮಾಡದ ಆರ್‌ಎನ್‌ಎ ಅಂತ ಪಟ್ಟಿಗೆ ಹಾಕಿದ್ದರು!

ಈಗ ನಿಮ್ಮ ಪೇಪರಿಗೆ ಬನ್ನಿ. ಲಿಗ್ಯಾಂಡ್ ಕಟ್ಟಿಕೊಳ್ಳುವ ಚಿತ್ರ ಇಲ್ಲದಿದ್ದರೆ ಅದು ಕೆಟ್ಟ ಪೇಪರ್ ಅಂತಲ್ಲ. 1996ರ ಎಕ್ಸ್-ಎಂಎಸ್‌ಆರ್ ಪೇಪರ್ ಕೂಡ ಹಾಗೇ ಇತ್ತು, ಆದರೂ ಉಪಯೋಗಕ್ಕೆ ಬಂತು. ನೀವು ಸೆಮಿನಾರಿನಲ್ಲಿ "ಇದು ರಿಸೆಪ್ಟರ್" ಅನ್ನುವ ಬದಲು "ರಿಸೆಪ್ಟರ್ ಥರದ ಮೇಲ್ಮೈ ಪ್ರೋಟೀನ್, ಲಿಗ್ಯಾಂಡ್ ಇನ್ನೂ ಗೊತ್ತಿಲ್ಲ" ಅಂತ ಹೇಳಿ. ನಿಮ್ಮ ಸರ್‌ಗೂ ಸಮಾಧಾನ ಆಗುತ್ತದೆ.

ಗದ್ದೆಯ ಕಪ್ಪೆಯ ಪ್ರಶ್ನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು ಕಡೆ ರಾತ್ರಿ ಮಾತು ಕೇಳಿಸದಷ್ಟು ಕಪ್ಪೆ ಕೂಗುತ್ತವೆ, ಗೊತ್ತು. ಅವುಗಳ ಭ್ರೂಣದಲ್ಲೂ ಇದೇ ಕುಟುಂಬದ ಜೀನ್‌ಗಳು ಇವೆ. ತೊಂದರೆ ಬೇರೆ. ಅವು ಮೊಟ್ಟೆ ಇಡಲು ಮಳೆ ಬೇಕು, ವರ್ಷವಿಡೀ ಸಿಗುವುದಿಲ್ಲ. ಜೆನೋಪಸ್‌ಗೆ ಇರುವಂಥ ಹಂತಗಳ ಪಟ್ಟಿ, ಪ್ರೋಬ್‌ಗಳು, ಡೇಟಾಬೇಸ್ ಅವಕ್ಕೆ ಇಲ್ಲ. ನಮ್ಮ ದೊಡ್ಡ ಗೂಳಿಗಪ್ಪೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಕಾಲಿನ ಮಾಂಸದ ರಫ್ತನ್ನು 1987ರಲ್ಲೇ ನಿಲ್ಲಿಸಿದರು. ಹಾಗಾಗಿ ಬಕೆಟ್ ಹಿಡಿದು ಗದ್ದೆಗೆ ಇಳಿಯುವ ಮುಂಚೆ ವಿಭಾಗದ ಮೂಲಕ ಅನುಮತಿ ಕೇಳಿ. ಸ್ಥಳೀಯ ಕಪ್ಪೆಗಳ ಮೇಲೆ ಕೆಲಸ ಮಾಡುವ ಮನಸ್ಸಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಹತ್ತಿರವೇ ಇದೆ. ಕಪ್ಪೆಗಳ ಸಂತಾನೋತ್ಪತ್ತಿ, ಗೊದಮೊಟ್ಟೆಗಳ ನಡವಳಿಕೆ ಬಗ್ಗೆ ಅಲ್ಲಿ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಇನ್ನೊಂದು ಮಾತು, ಜೆನೋಪಸ್ ಎಲ್ಲಾದರೂ ಸಾಕಲು ಸಿಕ್ಕರೆ ಅದನ್ನು ಹೊರಗೆ ಬಿಡಲೇಬಾರದು. ಚಿಲಿ, ಫ್ರಾನ್ಸ್ ಕಡೆ ಹೊರಬಿದ್ದ ಈ ಕಪ್ಪೆಗಳು ಅಲ್ಲಿಯ ಕೆರೆಗಳಲ್ಲಿ ನೆಲೆಯೂರಿ ತಲೆನೋವಾಗಿವೆ.

ಅಪ್ಪನಿಗೆ ಎಲುಬಿನ ಉದಾಹರಣೆ ಕೊಡಿ. ಎಲ್‌ಆರ್‌ಪಿ6 ವಿಂಟ್ ಸಿಗ್ನಲಿಗೆ ಬೇಕು ಅಂತ 2000ದಲ್ಲಿ ತೋರಿಸಿದ ಪ್ರಯೋಗಗಳಲ್ಲಿ ಜೆನೋಪಸ್ ಭ್ರೂಣವೂ ಇತ್ತು. ಅದರ ಆರ್‌ಎನ್‌ಎ ಚುಚ್ಚಿದಾಗ ಭ್ರೂಣಕ್ಕೆ ಎರಡನೇ ಬೆನ್ನು ಮೂಡಿತು. ಮರುವರ್ಷವೇ ಅದರ ಸೋದರ ಎಲ್‌ಆರ್‌ಪಿ5 ಕೆಟ್ಟ ಮಕ್ಕಳಲ್ಲಿ ಎಲುಬು ತೀರಾ ಟೊಳ್ಳಾಗಿರುತ್ತದೆ ಅಂತ ಗೊತ್ತಾಯಿತು. ಈ ರಿಸೆಪ್ಟರ್‌ಗಳನ್ನು ತಡೆಯುವ ಸ್ಕ್ಲೆರೊಸ್ಟಿನ್ ಅನ್ನುವ ಪ್ರೋಟೀನನ್ನು ಹಿಡಿದಿಡುವ ಔಷಧಿ ರೊಮೊಸೊಜುಮ್ಯಾಬ್. ಮುಟ್ಟು ನಿಂತ ಮೇಲೆ ಎಲುಬು ಮುರಿಯುವ ಅಪಾಯ ಜಾಸ್ತಿ ಇರುವ ಹೆಂಗಸರಿಗಾಗಿ ಅದಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಪ್ಪಿ ತತ್ತಿಯಿಂದ ನೇರ ಔಷಧಿ ಬಂತು ಅಂತ ಹೇಳಬೇಡಿ, ಅದು ಸುಳ್ಳಾಗುತ್ತದೆ. ಯಾವ ರಿಸೆಪ್ಟರ್ ಏನು ಮಾಡುತ್ತದೆ ಅಂತ ತಿಳಿಯಲು ಆ ತತ್ತಿಗಳೂ ಬೇಕಾದವು ಅಂತ ಹೇಳಿ.

ಸೆಮಿನಾರಿಗೆ ಮುಂಚೆ ಪೇಪರಿನ ಸಪ್ಲಿಮೆಂಟರಿ ಫೈಲ್ ಇಳಿಸಿಕೊಂಡು ನೋಡಿ. ರೆಸ್ಕ್ಯೂ ಫಲಿತಾಂಶ, ಸೆನ್ಸ್ ಪ್ರೋಬ್ ಚಿತ್ರ, ಟ್ಯಾಗ್ ಎಲ್ಲಿಟ್ಟರು ಅನ್ನುವ ನಕ್ಷೆ, ಇವನ್ನೆಲ್ಲ ಬಹಳ ಸಲ ಅಲ್ಲೇ ಇಟ್ಟಿರುತ್ತಾರೆ.